ಜೋಡಿ ಓಣಿ

ನಾರಾಯಣಪೇಟೆಯ ನಮ್ಮ ನೇಕಾರರ ಓಣಿಗೆ ಗದ್ವಾಲದಲ್ಲಿ ಒಂದು ಜೋಡಿ ಇದೆ. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ನೋಡಲಿ. ಆ ಜೋಡಿ ಕಟ್ಟಿದವರು ಮಾಟಮಂತ್ರದವರಲ್ಲ, ಸರ್ಕಾರದವರು. ಎರಡರ ನಡುವೆ ಓಡಾಡಿ ಮಾತು ದಾಟಿಸಿದವಳು ನಾನು.

ಈಚಿನ ಒಂದು ಬೇಸಿಗೆ. ನಾನು ಶಾಲೆಯಲ್ಲಿ ಗುತ್ತಿಗೆಯ ಮೇಲೆ ಪಾಠ ಹೇಳುವವಳು, ರಜೆಯಲ್ಲಿ ಕೈಗೆ ಕೆಲಸವಿರುವುದಿಲ್ಲ. ಆಗ ಒಂದು ಹೊಸ ನಿಯಮದ ಕರಡು ತಯಾರಾಗಿತ್ತು: ಬಿಸಿಲು ಏರುವ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಗ್ಗದ ಕೋಣೆಯಲ್ಲಿ ಯಾರೂ ಕೆಲಸ ಮಾಡಕೂಡದು. ಜಾರಿಗೆ ತರುವ ಮೊದಲು ಅದರಿಂದ ಏನು ಒಳ್ಳೆಯದಾದೀತು, ಏನು ಕೆಟ್ಟೀತು ಎಂದು ಅಂದಾಜು ಹಾಕಲು ಹೈದರಾಬಾದಿನಿಂದ ಒಂದು ತಂಡ ಬಂತು. ತಂಡದ ಮುಖ್ಯಸ್ಥೆ ತೆಲುಗಿನವರು, ಓಣಿಯವರೆಲ್ಲ ಮೇಡಂ ಎನ್ನುತ್ತಿದ್ದೆವು. ನಮ್ಮ ಮುದುಕರಿಗೆ ತೆಲುಗು ಬರುತ್ತದೆ, ಆದರೆ ಸಿಟ್ಟು ಬಂದಾಗ ಮಾತ್ರ. ಹಾಗಾಗಿ ನಡುವೆ ನಿಲ್ಲಲು ನನ್ನನ್ನು ಕರೆದರು.

ನನಗೆ ಆ ನಿಯಮ ಬೇಕಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಅಪ್ಪ ಮಗ್ಗದ ಕುಣಿಯಲ್ಲಿ, ಅಂದರೆ ನೇಕಾರ ಕಾಲು ಇಳಿಬಿಟ್ಟು ಕೂರುವ ತಗ್ಗಿನಲ್ಲಿ, ತಲೆ ತಿರುಗಿ ಪಕ್ಕಕ್ಕೆ ವಾಲಿದ್ದ. ಎತ್ತಿ ಹೊರಗೆ ತರುವಾಗ ಅವನ ಮೈ ಒಲೆಯ ಕಲ್ಲಿನಂತೆ ಸುಡುತ್ತಿತ್ತು. ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಡಾಕ್ಟರು. ಈ ಮಹಾಶಯ ಆಸ್ಪತ್ರೆಯಿಂದ ಬಂದ ಮರುದಿನವೇ ಮಟಮಟ ಮಧ್ಯಾಹ್ನ ಲಾಳಿ ಹಿಡಿದ. ಮಗಳ ಮಾತು ಕೇಳದವನು ಸರ್ಕಾರದ ಮಾತಾದರೂ ಕೇಳಲಿ ಎಂಬುದು ನನ್ನ ಲೆಕ್ಕಾಚಾರ.

ಅಂದಾಜು ಹಾಕುವ ಬಗೆಯನ್ನು ಮೇಡಂ ನಮ್ಮ ಕಟ್ಟೆಯ ಮೇಲೆ ಕೂತು ವಿವರಿಸಿದರು. ಆ ಬೇಸಿಗೆಯಲ್ಲಿ ನಮ್ಮ ಓಣಿ ನಿಯಮ ಬಂದೇಬಿಟ್ಟಿದೆ ಎಂಬಂತೆ ನಡೆಯಬೇಕು. ತಪ್ಪಿದ ಕೂಲಿಯನ್ನು ಅವರೇ ತುಂಬಿಕೊಡುತ್ತಾರೆ. ಗದ್ವಾಲದಲ್ಲಿ ಇಂಥದ್ದೇ ಒಂದು ಓಣಿ ಆರಿಸಿದ್ದಾರೆ, ಹೆಚ್ಚುಕಡಿಮೆ ಇಷ್ಟೇ ಮಗ್ಗ, ಇದೇ ವಯಸ್ಸಿನ ಜನ, ಇಂಥದ್ದೇ ತಗಡಿನ ಮಾಡು. ಅಲ್ಲಿ ಏನೂ ಬದಲಾಗುವುದಿಲ್ಲ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

“ನಮ್ಮನ್ನ ನೋಡಿದ್ರ ಸಾಕಲ್ಲರಿ. ಅವರನ್ನ ಯಾಕ ನೋಡಬೇಕು?” ಅಪ್ಪ ಕೇಳಿದ.

ಮೇಡಂ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. ನಿಯಮ ಇಲ್ಲದೇ ಹೋಗಿದ್ದರೆ ನಿಮಗೆ ಏನಾಗುತ್ತಿತ್ತು ಎಂಬುದು ಇಲ್ಲಿ ಕಾಣುವುದಿಲ್ಲ, ಅದು ಅಲ್ಲಿ ಕಾಣುತ್ತದೆ.

ಅಪ್ಪ ಅಂದ: “ಅಂದ್ರ, ನಮಗ ಆಗೋದು ಅಲ್ಲಿ ಆಗತೈತಿ.”

ನನಗೆ ನಗು ಬಂತು. ಮೇಡಂಗೆ ತೆಲುಗಿನಲ್ಲಿ ಹೇಳಿದೆ. ಅವರೂ ನಕ್ಕು, ಒಂದು ರೀತಿಯಲ್ಲಿ ಹೌದು ಎಂದರು. ಅಪ್ಪ ನಗಲಿಲ್ಲ.

ಮೊದಲ ದಿನ ಹನ್ನೆರಡಕ್ಕೆ ಮಗ್ಗಗಳು ನಿಂತಾಗ ಓಣಿಯಲ್ಲಿ ಯಾರೋ ಸತ್ತಂತಾಯಿತು. ಹಗಲು ಹೊತ್ತು ಆ ಸದ್ದು ಪೂರ್ತಿ ನಿಂತದ್ದನ್ನು ನಾನು ಕೇಳಿದ್ದು ಹೆಣ ಎತ್ತುವಾಗ ಮಾತ್ರ. ತೊಟ್ಟಿಲ ಕೂಸುಗಳು ಎಚ್ಚರಾಗಿ ಅತ್ತವು. ಮಧ್ಯಾಹ್ನದ ಹೊತ್ತು ಬೇವಿನ ಗಿಡದ ಕೆಳಗೆ ಸುಳಿಯಬೇಡ ಎಂದು ಚಿಕ್ಕಂದಿನಿಂದ ಕೇಳಿದ್ದರೂ ನಾನು ಕ್ಯಾರೆ ಎಂದವಳಲ್ಲ. ಈಗ ನೀರಿಗೆ ಹೋಗಿಬರಲೂ ಆ ಗಿಡ ಬಳಸಿ ಹೋದೆ. ಗೋಡೆಯಾಚೆ ಯಾರೋ ನೀರು ನುಂಗುವುದೂ ಕೇಳುತ್ತಿತ್ತು. ಬಿಸಿಲಿಗೆ ತಗಡು ಚಟ್ಟೆಂದರೆ ಕಟ್ಟೆಗಳ ಮೇಲಿನ ಗಂಡಸರ ತಲೆಗಳೆಲ್ಲ ಒಮ್ಮೆಲೇ ತಿರುಗುತ್ತಿದ್ದವು. ಅಪ್ಪ ಮಾತ್ರ ಮಕ್ತಲ್ ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಆ ರಸ್ತೆಯೇ ಮುಂದೆ ಗದ್ವಾಲಕ್ಕೆ ಹೋಗುತ್ತದೆ.

“ಅವರು ನೇಯಾಕತ್ತಾರ,” ಅನ್ನುತ್ತಿದ್ದ.

ಗದ್ವಾಲದ ಆ ಓಣಿಯವರ ಮನೆಮಾತೂ ನಮ್ಮಂತೆ ಕನ್ನಡವೇ, ಹಾಗಾಗಿ ವಾರಕ್ಕೊಮ್ಮೆ ನಾನು ಮೇಡಂ ಜೊತೆ ಅಲ್ಲಿಗೂ ಹೋಗಬೇಕಿತ್ತು. ಮಕ್ತಲ್ ದಾಟಿ, ಜೂರಾಲ ಅಣೆಕಟ್ಟಿನ ಮೇಲೆ ಹಾಯುವಾಗ ಕೆಳಗೆ ನೀರಿಲ್ಲದ ಬಂಡೆಗಳು ಕಣ್ಣು ಕುಕ್ಕುತ್ತಿದ್ದವು. ಜೋಡಿ ಓಣಿಗೆ ಮೊದಲ ಸಲ ಕಾಲಿಟ್ಟಾಗ ನಮ್ಮ ಓಣಿಗೇ ವಾಪಸು ಬಂದೆನೇನೋ ಅನ್ನಿಸಿತು. ಅವರು ಚೆನ್ನಾಗಿಯೇ ಆರಿಸಿದ್ದರು. ತಿರುವಿನಲ್ಲಿ ಬೇವಿನ ಗಿಡ, ನಮ್ಮಷ್ಟೇ ಎತ್ತರದ ಕಟ್ಟೆಗಳು. ನಮ್ಮ ಮನೆ ಇರಬೇಕಾದ ಜಾಗದಲ್ಲಿ ಒಂದು ಮನೆ, ಅದರ ಬಾಗಿಲಲ್ಲಿ ನನ್ನ ವಯಸ್ಸಿನವಳೊಬ್ಬಳು ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಒಳಗೆ ಕುಣಿಯಲ್ಲಿ ಅವಳ ತಂದೆ. ಒದ್ದೆ ಟವೆಲ್ಲು ತಲೆಯ ಮೇಲೆ ಹಾಕಿಕೊಂಡು ನೇಯುತ್ತಿದ್ದ. ನಮ್ಮಪ್ಪನೂ ಹಾಗೆಯೇ ಹಾಕಿಕೊಳ್ಳುತ್ತಿದ್ದ.

ಮುದುಕ ಲಾಳಿ ನಿಲ್ಲಿಸದೆ ಕೇಳಿದ. “ನಾರಾಯಣಪೇಟಿಯಿಂದ ಬಂದ್ಯೇನವ್ವಾ? ಅಲ್ಲಿ ನನ್ನ ಜೋಡಿ ಹೆಂಗದಾನ?”

ಅವನಿಗೂ ಯಾರೋ ವಿವರಿಸಿದ್ದರು. “ಆರಾಮ ಅದಾರ್ರಿ, ಕಾಕಾ. ಅವರು ನಮ್ಮಪ್ಪ.”

“ಮಧ್ಯಾಹ್ನ ಏನ್ ಮಾಡ್ತಾನ?”

“ಕಟ್ಟಿ ಮ್ಯಾಲ ಕೂಡ್ತಾರ.”

“ಕೂಡ್ಲಿ,” ಎಂದು ಅವನು ತನ್ನಷ್ಟಕ್ಕೆ ನಕ್ಕ.

ಊರಿಗೆ ಬಂದು ಹೇಳಿದರೆ ಅಪ್ಪ ನೆಂಟನ ಸುದ್ದಿ ಬಂದವನಂತೆ ಕೆದಕಿ ಕೆದಕಿ ಕೇಳಿದ. ಅವನಿಗೂ ತಲೆ ತಿರುಗುತ್ತದೇನು, ಕೇಳಿ ಬಾ ಎಂದ. ಮುಂದಿನ ವಾರ ಕೇಳಿದೆ. “ಹೋದ ಬ್ಯಾಸಗ್ಯಾಗ ಒಮ್ಮಿ ಬಿದ್ದಿದ್ದೆ,” ಎಂದ ಮುದುಕ. ಬಿಸಿಲ ನಾಡಿನ ಮುದುಕರಿಗೆಲ್ಲ ತಲೆ ತಿರುಗುತ್ತದೆ, ಅದರಲ್ಲೇನು ವಿಶೇಷ ಎಂದು ನಾನು ದಾರಿಯುದ್ದಕ್ಕೂ ನನಗೆ ಹೇಳಿಕೊಂಡೆ. ಅಪ್ಪನ ಮುಖ ಮಾತ್ರ ಇಳಿದುಹೋಯಿತು.

“ಮಧ್ಯಾಹ್ನ ಕುಣಿ ಬಿಟ್ಟು ಎದ್ದು ಬಾ ಅಂತ ಹೇಳವಗ. ನಾ ಹೇಳೀನಿ ಅಂತ ಹೇಳು.”

ಮೇಡಂಗೆ ತಿಳಿಸಿದೆ. ಕೆಟ್ಟವರಲ್ಲ ಆಕೆ, ಒಂದು ಗಳಿಗೆ ಕಣ್ಣು ಮುಚ್ಚಿ ಕೂತರು. ಅಲ್ಲಿಯೂ ನಿಲ್ಲಿಸಿದರೆ ಇದನ್ನು ಯಾವುದರ ಜೊತೆ ಹೋಲಿಸುವುದು ಎಂದು ಕೇಳಿದರು. ಹೋಲಿಕೆ ಇಲ್ಲದಿದ್ದರೆ ನಿಯಮವೇ ಬರುವುದಿಲ್ಲ, ಬಂದರೆ ಎಲ್ಲ ಓಣಿಗಳಿಗೂ ಬರುತ್ತದೆ ಎಂದರು. ನನಗೆ ರೇಗಿತು. ಮಾತು ದಾಟಿಸಲು ಕರೆದಿರಿ, ದಾಟಿಸುತ್ತೇನೆ ಎಂದು ಅವರ ಎದುರಿಗೇ ಹೋಗಿ ಆ ಮುದುಕನಿಗೆ ಅಪ್ಪನ ಮಾತು ಹೇಳಿದೆ. ಅವರು ತಡೆಯಲಿಲ್ಲ.

ಲಾಳಿ ಮೊದಲ ಬಾರಿಗೆ ನಿಂತಿತು. “ಪರವಾಲೇದಮ್ಮಾ, ಇರಲಿ ಬಿಡವ್ವಾ,” ಎಂದ ಮುದುಕ. “ಇಲ್ಲಿ ಹುಕುಂ ಇಲ್ಲ. ನಾ ಎದ್ರ ಇವರ ಅಂದಾಜು ಕೆಡತೈತಿ. ಅಂದಾಜು ಕೆಟ್ರ ನಿಮ್ಮಪ್ಪಗ ಹುಕುಂ ಹೆಂಗ ಬರತೈತಿ? ಅಂವ ಕೂಡ್ಲಿ. ನಾ ಮಾಡ್ತೀನಿ.”

ಬಾಗಿಲಲ್ಲಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. “ನಾನೂ ಹೇಳಿ ಹೇಳಿ ಸಾಕಾಗೇತ್ರಿ,” ಎಂದಳು. ಆ ನೋಟದಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ಇದನ್ನು ಕೇಳಿದ ಮೇಲೆ ಅಪ್ಪ ಮಧ್ಯಾಹ್ನ ಮಾತಾಡುವುದನ್ನೇ ಬಿಟ್ಟ. ಕಟ್ಟೆಯ ಮೇಲೆ ಕೂತಿರುವಾಗ ಅವನ ಬಲಗಾಲು, ಎಡಗಾಲು, ಬಲಗಾಲು, ಎಡಗಾಲು ನೆಲ ತುಳಿಯುತ್ತಿದ್ದವು. ಮಗ್ಗದ ಹಲಗೆ ತುಳಿಯುವುದು ಹಾಗೆಯೇ. ಓಣಿಯ ಹೆಂಗಸರು ಕಂಡೂ ಕಾಣದಂತೆ ಒಳಗೆ ಹೋಗುತ್ತಿದ್ದರು. ನಾನು ಬೈದರೆ ಕಾಲು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಬೈಯದೆಯೇ ಆ ಕಾಲು ನಿಂತಿತು. ಅಪ್ಪ ತಲೆಯೆತ್ತಿದ.

“ಮಗ್ಗ ನಿಂತಿತು,” ಅಂದ.

“ಯಾವ ಮಗ್ಗ ಅಪ್ಪಾ? ಎಲ್ಲಾ ಆವಾಗ್ಲೇ ನಿಂತಾವಲ್ಲ.”

“ನಂದು,” ಅಂದ.

ಸಂಜೆ ಮೇಡಂ ಫೋನ್ ಮಾಡಿದರು. ಗದ್ವಾಲದ ಮುದುಕ ಮಧ್ಯಾಹ್ನ ಕುಣಿಯಲ್ಲೇ ಹೋಗಿಬಿಟ್ಟಿದ್ದ. ಕಾಕತಾಳೀಯ ಎಂದು ನಾನು ಈಗಲೂ ಹೇಳುತ್ತೇನೆ, ಹೇಳಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ಸಂಜೆ ಮೊದಲು ನನಗಾದದ್ದು ಸಮಾಧಾನ. ಹೋದವನು ಅಪ್ಪ ಅಲ್ಲ ಎಂಬ ಸಮಾಧಾನ. ಅದರ ಬೆನ್ನಿಗೇ ಹೇಸಿಗೆಯಾಯಿತು. ಅಪ್ಪ ಎದ್ದು, ರಕ್ತಸಂಬಂಧದವರು ಸತ್ತಾಗ ಮಾಡುವಂತೆ ತಲೆಯ ಮೇಲೆ ತಣ್ಣೀರು ಸುರಿದುಕೊಂಡ.

ಆಮೇಲೆ ಮೇಡಂ ಬಂದಾಗ ಅವರ ಕಣ್ಣು ಊದಿತ್ತು. ಒಂದು ಸಾವಿನಿಂದ ಹೀಗೂ ಹೇಳಲಾಗದು, ಹಾಗೂ ಹೇಳಲಾಗದು ಎಂದರು. ಬಿಸಿಲಿನಿಂದಲೇ ಎಂದು ಕೂಡ ಹೇಳಲು ಬಾರದಂತೆ. ಅದು ನಿಜವೇ ಇರಬೇಕು. ಬೇಸಿಗೆ ಕಳೆದ ಮೇಲೆ ಅವರ ಕೆಲಸ ಮುಗಿಯಿತು, ವರದಿ ಮೇಲೆ ಹೋಯಿತು. ನಿಯಮ ಈಗಲೂ ಪರಿಶೀಲನೆಯಲ್ಲಿದೆ.

“ಅವನ ಹಾಸು ಅರ್ಧಕ್ಕ ನಿಂತಿರತೈತಿ,” ಎಂದು ಅಪ್ಪ, ಆ ಬೇಸಿಗೆ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಚೀಲ ಹಿಡಿದು ಹೊರಟ. ನೇಕಾರ ಅರ್ಧಕ್ಕೆ ಬಿಟ್ಟು ಹೋದ ಸೀರೆಯನ್ನು ಹತ್ತಿರದವರು ಯಾರಾದರೂ ನೇಯ್ದು ಮುಗಿಸುವುದು ನಮ್ಮ ಮನೆಗಳ ರಿವಾಜು. ನೀನು ಅವನಿಗೆ ಯಾವ ಹತ್ತಿರದವನು ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ, ಉತ್ತರ ಗೊತ್ತಿತ್ತು. ಗದ್ವಾಲದ ಸೀರೆಯ ಅಂಚಿನ ಕೆಲಸ ಅಪ್ಪನಿಗೆ ಹೊಸದು. ಸತ್ತವನ ಮಗಳೇ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟಳಂತೆ.

ಎಷ್ಟು ದಿನವಾದರೂ ಅಪ್ಪ ಬರಲಿಲ್ಲ. ಕರೆತರಲು ಹೋದೆ. ನಾನು ಮುಟ್ಟುವಾಗ ಹನ್ನೆರಡು ದಾಟಿತ್ತು, ಓಣಿಯ ತುಂಬ ಮಗ್ಗಗಳ ಸದ್ದು. ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಅದೇ ಕುಣಿ, ಅದೇ ಒದ್ದೆ ಟವೆಲ್ಲು, ಅದೇ ಬಾಗಿದ ಬೆನ್ನು. ಸತ್ತವನೇ ಕೂತಿದ್ದಾನೆ ಅನ್ನಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ತಿರುಗಿದ ಮುಖ ಅಪ್ಪನದು.

“ಅಪ್ಪಾ, ಹನ್ನೆರಡಾತು. ಏಳು.”

“ಇದು ನಮ್ಮ ಓಣಿ ಅಲ್ಲವ್ವಾ. ಇಲ್ಲಿ ಹುಕುಂ ಇಲ್ಲ.”

ಬೈದೆ. ಅತ್ತೆ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು, ಲಾಳಿ ಮಾತ್ರ ನಿಲ್ಲಲಿಲ್ಲ. ಆಗ ಆ ಮನೆಯ ಮಗಳು ತಂಬಿಗೆ ತಂದು ಅವನ ಮುಂದೆ ಇಟ್ಟಳು.

“ಏಳ್ರಿ, ಕಾಕಾ,” ಎಂದಳು. “ನಿಮ್ಮನ್ನ ಕುಂದ್ರಸಾಕ ನಮ್ಮಪ್ಪ ನೇಯ್ದ. ನೀವೂ ಇಲ್ಲೇ ಬಿದ್ರ, ಅಂವ ಸುಮ್ಮನ ಹೋದಂಗ ಆಗತೈತಿ.”

ಅಪ್ಪನ ಕೈ ನಿಂತಿತು. ನಾವಿಬ್ಬರೂ ಒಂದೊಂದು ರಟ್ಟೆ ಹಿಡಿದು ಅವನನ್ನು ಮೇಲೆತ್ತಿ, ಹೊರಗೆ ಕಟ್ಟೆಯ ನೆರಳಿಗೆ ತಂದು ಕೂರಿಸಿದೆವು. ಅವನು ತಂಬಿಗೆ ನೀರು ಪೂರ್ತಿ ಕುಡಿದ. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಬೆನ್ನ ಹಿಂದೆ, ಒಳಗೆ, ಮಗ್ಗ ಮತ್ತೆ ಶುರುವಾಯಿತು.

ಟವೆಲ್ಲು ಈಗ ಅವಳ ತಲೆಯ ಮೇಲಿತ್ತು.

“ಅಕ್ಕಾ, ನೀವೂ ಹೊರಗ ಬರ್ರಿ. ನಾಲ್ಕಾಗ್ಲಿ,” ಎಂದು ಕೂಗಿದೆ.

“ನೀವು ಕೂಡ್ರಿ,” ಎಂದಳು, ತಿರುಗದೆ.

ಅಪ್ಪನ ಪಕ್ಕ ಕೂತೆ. ಅವಳು ಎದ್ದು ಬರುವಂತೆ ಆ ಸದ್ದು ನಿಲ್ಲಲಿ ಎಂದು ಬೇಡಿಕೊಂಡೆ. ಅವಳಿಗೆ ಏನೂ ಆಗದಂತೆ ಅದು ನಿಲ್ಲದಿರಲಿ ಎಂದೂ ಬೇಡಿಕೊಂಡೆ. ಯಾವುದನ್ನು ಬೇಡಿದರೂ ತಪ್ಪು ಅನ್ನಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಅಪ್ಪ ಮೆಲ್ಲಗೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ನನ್ನ ಕಾಲು ನೆಲ ತುಳಿಯುತ್ತಿದ್ದುದು ನನಗೆ ಆಗಲೇ ಗೊತ್ತಾದದ್ದು.