ವರನ ಕಡೆಯವರು

ಯಾವ ವ್ಯವಹಾರವೇ ಇರಲಿ, ಜೋಶಿ ಕಾಕಾ ನಡುವೆ ಒಮ್ಮೆ ಎದ್ದು ಹೊರಗೆ ಹೋಗದೆ ಮುಗಿಸಿದವರಲ್ಲ. ಹಳೆಯ ಸೈಕಲ್ ಕೊಳ್ಳುವಾಗಲೂ "ಒಂದ್ ಮಿನಿಟ್, ಮಾತಾಡಿ ಬರ್ತೀವಿ" ಎಂದು ನನ್ನನ್ನು ಬೀದಿಯ ತಿರುವಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಮಾತೇನೂ ಇಲ್ಲ. ಕನ್ನಡಕ ಒರೆಸಿ, ಕೆಮ್ಮಿ, ಹಿಂತಿರುಗುವುದು. ಗದಗಿನ ಕಡೆ ಹತ್ತಾರು ಮದುವೆಗಳ ಮಾತುಕತೆಗೆ ಕೂತ ಮನೆತನ ಅವರದು. ಜರ್ಮನಿಯ ಐದು ವರ್ಷದ ಗ್ರೀನ್ ಕಾರ್ಡ್ ಮೇಲೆ ಫ್ರಾಂಕ್‌ಫರ್ಟ್ ಪಕ್ಕದ ಎಷ್‌ಬಾರ್ನ್‌ನ ಕಂಪನಿಗೆ ಬಂದಿದ್ದ ನಮ್ಮಲ್ಲಿ ಅವರೇ ಹಿರಿಯರು. ಹಾಗಾಗಿ ಎಲ್ಲರಿಗೂ ಕಾಕಾ.

ಅವರ ಕೆಳಗಿನ ಮನೆಯಲ್ಲಿ ಮಾರ್ಕಸ್ ಇದ್ದ. ಊರಿನ ಸಣ್ಣ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಆಡಲು ಅಮೆರಿಕದಿಂದ ಬಂದವನು. ಆ ವಸಂತದಲ್ಲಿ ಅವನ ಮಂಡಿ ಕೈಕೊಟ್ಟಿತ್ತು, ಹೆಂಡತಿ ಬಸುರಿ, ಜೂನ್ ಕೊನೆಗೆ ಒಪ್ಪಂದ ಮುಗಿಯುತ್ತಿತ್ತು. ಒಪ್ಪಂದ ಹೋದರೆ ವೀಸಾನೂ ಹೋದಂತೆ. ನಮಗೇನು ಆ ಭಯ ಹೊಸದೇ? ಕ್ಲಬ್ಬಿನೊಡನೆ ಮಾತಾಡಬೇಕಿದ್ದ ಅವನ ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ತಾನೇ ಹೋಗಿ ಕೇಳುತ್ತೇನೆ ಎಂದ ಮಾರ್ಕಸ್‌ನನ್ನು ಕಾಕಾ ಗದರಿದರು. "ವರ ತನ್ನ ಮಾತು ತಾನ ಆಡಬಾರದು. ಅಗ್ಗ ಆಗ್ತಾನ. ನಿನ್ನ ಕಡೆಯವರು ಅಂತ ನಾವು ಬರ್ತೀವಿ." ಸಿಟ್ಟು ಬಂದರೆ ಅವರಿಗೆ ಕನ್ನಡವೇ ಬರುವುದು, ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಕ್ಲಬ್ಬಿನ ಅಧ್ಯಕ್ಷ ಹೆರ್ ಕ್ರಾಮರ್ ಸಭ್ಯರು, ಆದರೆ ಗಟ್ಟಿ. ಇಡೀ ತಂಡದ ಸಂಬಳಕ್ಕೆ ಒಂದು ಮಿತಿ ಇದೆ, ಅದನ್ನು ದಾಟುವಂತಿಲ್ಲ, ಹಳೆಯ ಸಂಬಳಕ್ಕೆ ಜಾಗವೇ ಉಳಿದಿಲ್ಲ ಎಂದರು. ಅದನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮಾರ್ಕಸ್ ಬಾಯಿ ತೆರೆಯಹೋದ. ಕಾಕಾ ಮೇಜಿನ ಕೆಳಗೆ ಅವನ ತೊಡೆ ಚಿವುಟಿ ಎದ್ದು ನಿಂತರು. "ಮಾತಾಡಿ ಬರ್ತೀವಿ."

ಮೂವರೂ ಕಾರಿಡಾರಿಗೆ ಬಂದೆವು. ಕಾಕಾ ಕನ್ನಡಕ ಒರೆಸಿಕೊಂಡು ಗೋಡೆಯ ಮೇಲಿನ ತಂಡದ ಫೋಟೋ ನೋಡಿದರು. "ಈ ನಡುವಿನ ಅಜ್ಜ ಯಾರು?" ಅಜ್ಜನಲ್ಲ, ಹಿರಿಯ ಆಟಗಾರ, ಎಲ್ಲರಿಗಿಂತ ಹೆಚ್ಚು ಸಂಬಳ ಅವನದೇ, ಇನ್ನೊಂದು ವರ್ಷ ಆಡಿ ಆಟ ಬಿಡುತ್ತಾನೆ ಎಂದ ಮಾರ್ಕಸ್. ನನಗೆ ತಿಳಿದ ಮಟ್ಟಿಗೆ ಕಾಕಾ ಹೊರಗೆ ಹೋದದ್ದು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಈ ವರ್ಷ ಕಡಿಮಿ ಕೊಡ್ರಿ, ಮಿತಿಯೊಳಗ ಎಷ್ಟು ಉಳದದೋ ಅಷ್ಟ," ಎಂದರು ಒಳಗೆ ಹೋಗಿ. "ಮುಂದಿನ ವರ್ಷ ಅಜ್ಜ ಹೋಗ್ತಾರ, ಅವರ ಪಾಲಿನಾಗ ಇವಂಗ ತುಂಬಿ ಕೊಡ್ರಿ. ಆದ್ರ ಎರಡೂ ವರ್ಷದ್ದು ಈಗ ಬರೀರಿ."

ಹೆರ್ ಕ್ರಾಮರ್ ತಮ್ಮವರನ್ನು ಕರೆದುಕೊಂಡು ಎದ್ದು ಹೊರಗೆ ಹೋದರು. "ಕಲ್ತರು ನೋಡು," ಎಂದು ಕಾಕಾ ಪಿಸುಗುಟ್ಟಿದರು. ತಿರುಗಿ ಬಂದವರು ಒಪ್ಪಿದರು. ಮಗು ಆ ಊರಲ್ಲೇ ಹುಟ್ಟಿತು.

ಮರುವರ್ಷ ನಮ್ಮ ಕಂಪನಿಗೆ ಕೆಲಸ ಕಡಿಮೆಯಾಯಿತು. ಕಾಕಾನ ಒಪ್ಪಂದ ಮುಗಿಯುವುದರಲ್ಲಿತ್ತು. ಮಗಳ ಶಾಲೆ ಇನ್ನೂ ಒಂದು ವರ್ಷ ಬಾಕಿ. ಮಾತಿಗೆ ಕರೆ ಬಂದಾಗಿನಿಂದ ಅವರ ಊಟದ ಡಬ್ಬಿ ಹಾಗೇ ಮನೆಗೆ ಹೋಗುತ್ತಿತ್ತು. ಗಟ್ಟಿಯಾಗಿ ಕೇಳಿ ಕಾಕಾ ಎಂದೆ. "ನನ್ನ ಮಾತು ನಾನ ಹ್ಯಾಂಗ ಆಡ್ಲಿ ತಂಗಿ?" ಎಂದರು. ಅದು ತಮಾಷೆಯಾಗಿರಲಿಲ್ಲ.

ಮಾತುಕತೆಯ ದಿನ ಆಫೀಸಿನ ಬಾಗಿಲಲ್ಲಿ ಮಾರ್ಕಸ್ ನಿಂತಿದ್ದ. ಸೂಟಿನ ತೋಳು ಮೊಣಕೈಯಿಂದ ಸ್ವಲ್ಪವೇ ಕೆಳಗೆ ಬಂದಿತ್ತು. ಯಾರು ಎಂದು ಕೇಳಿದರೆ, ಕಾಕಾನನ್ನು ತೋರಿಸಿ ಇಂಗ್ಲಿಷಿನಲ್ಲಿ, "ನಾನು ಇವರ ಕಡೆಯವನು" ಎಂದ. ಎಚ್‌ಆರ್‌ನ ಹೆಂಗಸು ಏನೆಂದುಕೊಂಡಳೋ, ಒಳಗೆ ಬಿಟ್ಟಳು. ನಾನು ಗಾಜಿನ ಬಾಗಿಲಾಚೆ ಕಾಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಮಾತಾಡಿ ಬರ್ತೀವಿ," ಎಂದು ಮಾರ್ಕಸ್ ಕಾಕಾನನ್ನು ಹೊರಗೆ ಕರೆತಂದ. ಅವನಿಗೆ ಬರುತ್ತಿದ್ದ ಕನ್ನಡ ಅದೊಂದೇ. ಇಬ್ಬರೂ ನಿಂತರು. ಕಾಕಾ ಕನ್ನಡಕ ಒರೆಸುತ್ತಲೇ ಇದ್ದರು. ಈ ಗೋಡೆಯ ಮೇಲೆ ಯಾವ ಫೋಟೋವೂ ಇರಲಿಲ್ಲ.

ಒಪ್ಪಂದ ಮುಂದುವರಿಯಲಿಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ನನಗೆ ಅಳು ಬಂತು, ಕಾಕಾ ಅಳಲಿಲ್ಲ. ಅವರನ್ನು ನೋಡಿದ್ದು ಅದೇ ಕೊನೆ. ಪೆಟ್ಟಿಗೆ ಎತ್ತಿಕೊಂಡಿದ್ದ ಮಾರ್ಕಸ್‌ನನ್ನು ಕತ್ತೆತ್ತಿ ನೋಡಿ ನನಗೆ ಹೇಳಿದರು.

"ಕೆಲಸ ಹೋತು, ಹೋಗ್ಲಿ ಬಿಡು. ನನ್ನ ಕಡೆಯವರು ಅಂತ ಒಬ್ಬ ಬಂದಿದ್ನಲ್ಲ ತಂಗಿ."