ಟವೆಲ್ಲಿನ ಕೆಳಗೆ ಕುದುರಿದ ವ್ಯಾಪಾರ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಗುತ್ತಿದ್ದವನು ನಾನು. ನಗರದ ಕೋಟೆ ಹತ್ತಿರ ಏನೋ ಕಂಡಿತು ಎಂದು ಯಾರಾದರೂ ಬೆವರಿಕೊಂಡು ಬಂದರೆ, "ಟಾರ್ಚಿಗೆ ಸೆಲ್ ಹಾಕಿದ್ಯಾ ಇಲ್ವಾ, ಅದನ್ನ ಹೇಳು ಮೊದ್ಲು" ಎನ್ನುತ್ತಿದ್ದೆ. ಹೊಸನಗರದಲ್ಲಿ ಹಳೆ ಟಿಲ್ಲರ್, ಪಿಕಪ್ ಕೊಂಡು ಮಾರುವುದು ನನ್ನ ಕಸುಬು. ಅದಕ್ಕೂ ಮುಂಚೆ, ಮೀಸೆ ಚಿಗುರುವ ಕಾಲದಲ್ಲಿ, ಎತ್ತಿನ ಸಂತೆಗಳಲ್ಲಿ ದಲ್ಲಾಳಿಗಳ ಹಿಂದೆ ತಿರುಗಿ ವ್ಯಾಪಾರ ಕಲಿತೆ. ಕೈಯಲ್ಲಿ ತಟ್ಟಿ ನೋಡದೆ ಯಾವುದನ್ನೂ ನಂಬಿದವನಲ್ಲ. ಈಗ ಬರೆಯುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಎಡಗೆನ್ನೆಯ ಒಳಗೆ, ಎಲೆಅಡಿಕೆಯ ಕವಳ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ, ಒಂದು ಹುಣ್ಣಾಯಿತು. ತುಪ್ಪ ಸವರಿದೆ, ಜೇನು ಸವರಿದೆ, ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಸವರಿದೆ. ಹಾಗೇ ನಾಲ್ಕು ತಿಂಗಳು ಕಳೆದೆ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು: ಬಾಯಿಹುಣ್ಣು ಎರಡು ಮೂರು ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ. ನನ್ನ ಹಾಗೆ ಜಾಣತನ ಮಾಡಬೇಡಿ.

ಕೊನೆಗೆ ಹೆಂಡತಿ ಸುಮಿತ್ರಾ ನನ್ನನ್ನು ಸಾಗರಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿದರು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ರಿಪೋರ್ಟ್ ಬರಲು ಹತ್ತು ದಿನ ಎಂದರು.

"ಕ್ಯಾನ್ಸರ್ರಾ?" ಎಂದೆ.

"ಇರಬಹುದು, ಇಲ್ದೇನೂ ಇರಬಹುದು."

"ಅಂದಾಜಾದ್ರೂ ಹೇಳಿ ಡಾಕ್ಟ್ರೇ. ರೂಪಾಯಿಗೆ ನಾಲ್ಕಾಣೆನಾ, ಎಂಟಾಣೆನಾ?"

"ಇದು ಟಿಲ್ಲರ್ ಅಲ್ಲ ಮಾರಾಯ್ರೆ, ಚೌಕಾಸಿ ಮಾಡೋಕೆ."

ಆ ದಿನಗಳ ಹೆದರಿಕೆಯನ್ನು ಹೇಗೆ ಹೇಳಲಿ? ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗಿ, ನಿನ್ನೆಗಿಂತ ದೊಡ್ಡದಾಯಿತೇ ಎಂದು ತಡವುತ್ತಿತ್ತು. ಒಬ್ಬರು ಟಿಲ್ಲರ್ ಕೇಳಲು ಬಂದರು. ಅವರು ಹೇಳಿದ ಮೊದಲ ರೇಟಿಗೇ ತಲೆಯಾಡಿಸಿದೆ. ಅವರಿಗೇ ಗಾಬರಿಯಾಯಿತು. "ಇಂಜಿನ್ ಎಂತಾದ್ರೂ ಹೋಗಿದ್ಯಾ?" ಎಂದು ಕೇಳಿ, ಕೊಳ್ಳದೆ ವಾಪಸ್ ಹೋದರು.

ಎಂಟನೇ ದಿನ ಒಂದು ಪಿಕಪ್ ನೋಡುವ ನೆವದಲ್ಲಿ ತೀರ್ಥಹಳ್ಳಿಗೆ ಹೋದೆ. ನನ್ನನ್ನು ಒಬ್ಬನೇ ಬಿಡಲು ಮನಸ್ಸಿಲ್ಲದೆ ಸುಮಿತ್ರಾಳೂ ಬಂದಳು. ಮಧ್ಯಾಹ್ನದ ಬಸ್ಸಿನಲ್ಲಿ ವಾಪಸ್ ಹೊರಟೆವು. ಅವಳಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾನು ಹಿಂದೆ, ಬಲಗಡೆಯ ಕಿಟಕಿಯ ಪಕ್ಕ ಕೂತೆ. ಕವಲೇದುರ್ಗದ ಕಡೆ ತಿರುಗುವ ಕ್ರಾಸಿನಲ್ಲಿ ಮುದುಕರೊಬ್ಬರು ಹತ್ತಿ ನನ್ನ ಎಡಕ್ಕೆ ಕೂತರು. ಹೊರಗೆ ಒಳ್ಳೆ ಬಿಸಿಲಿತ್ತು. ನಾನು ನಿದ್ದೆಯಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಹೆಗಲಿನ ಟವೆಲ್ ನಮ್ಮಿಬ್ಬರ ತೊಡೆಯ ಮೇಲೂ ಹರಡಿಕೊಂಡಿತು. ಅದರಡಿಯಲ್ಲಿ ಒಂದು ಕೈ ಬಂದು ನನ್ನ ಬಲಗೈಯನ್ನು ಎಳೆದುಕೊಂಡಿತು.

ಎತ್ತಿನ ವ್ಯಾಪಾರ ಕಾಣದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅದುಮುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಅದು ಸಾವಿರವೋ ಹತ್ತು ಸಾವಿರವೋ ಎಂಬುದು ಎದುರಿಗೆ ಕಟ್ಟಿದ ಎತ್ತನ್ನು ನೋಡಿದರೆ ಇಬ್ಬರಿಗೂ ಗೊತ್ತಾಗುತ್ತದೆ. ಮುಖ ನೋಡಿದರೆ ಗುಟ್ಟು ಬಿಟ್ಟುಕೊಟ್ಟಂತೆ ಎಂದು ಇಬ್ಬರೂ ಬೇರೆಲ್ಲೋ ನೋಡುತ್ತಿರುತ್ತಾರೆ.

ಬಸ್ಸಿನಲ್ಲಿ ಎತ್ತು ಇರಲಿಲ್ಲ. ಆದರೂ ಆ ಕೈ ನನ್ನ ಒಂದು ಬೆರಳು ಹಿಡಿಯಿತು. ಮಾರಾಟಕ್ಕಿರುವುದು ನನ್ನ ಮುಂದಿನ ಆಯುಸ್ಸು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಅವರ ಇಡೀ ಕೈಯನ್ನು ಎರಡು ಸಲ ಅದುಮಿದೆ. ಹತ್ತು. ಅವರು ಮೂರಕ್ಕೆ ಬಂದರು. ನಾನು ಒಂಬತ್ತು ಎಂದೆ. ಅವರು ಐದು. ನಾನು ಎಂಟು. ಹಗ್ಗ ಹಿಡಿದು ಹಿಡಿದು ಒರಟಾದ ಅಂಗೈ, ಬೆಚ್ಚಗೇ ಇತ್ತು. ಕಡೆಗೆ ಇಡೀ ಕೈ ಹಿಡಿದು ಬಿಟ್ಟು, ಮತ್ತೆ ಎರಡು ಬೆರಳು ಹಿಡಿದು ನಿಲ್ಲಿಸಿದರು. ಏಳು. ಬಸ್ಸು ನಿಧಾನವಾಯಿತು. ಅವರು ಇಳಿದುಬಿಡುತ್ತಾರೆಂದು ಹೆದರಿ ನಾನು ಆ ಕೈಯನ್ನು ಕುಲುಕಿದೆ. ಹಾಗೆಂದರೆ ಒಪ್ಪಿದಂತೆ. ಅವರು ಎದ್ದು ಇಳಿದು ಹೋದರು.

ಹೊಸನಗರದಲ್ಲಿ ಇಳಿದ ಕೂಡಲೇ ಸುಮಿತ್ರಾ ಬೈದಳು. "ಎಂಥ ಮನುಷ್ಯರ್ರೀ ನೀವು! ಆ ಅಜ್ಜಯ್ಯನ್ನ ಒಂಚೂರು ಹಿಡಿದು ಇಳಿಸ್ಬಾರ್ದಿತ್ತಾ?"

"ಎಂತಕ್ಕೆ? ಗಟ್ಟಿಮುಟ್ಟಾಗೇ ಇದ್ರಲ್ಲ."

"ಬಲಗೈಯೇ ಇಲ್ವಲ್ರೀ ಅವರಿಗೆ! ಅಂಗಿ ತೋಳು ಗಂಟು ಹಾಕಿದ್ರು. ಹತ್ತುವಾಗ ಕಂಡಕ್ಟ್ರೇ ಎತ್ತಿದ್ದು. ಪಕ್ಕದಲ್ಲಿ ಕೂತೂ ಕಾಣ್ಲಿಲ್ವಾ ನಿಮಗೆ?"

ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತುಬಿಟ್ಟೆ. ಎಡಗೈ ಇರಬಹುದೇ ಎಂದು ಯೋಚಿಸಿದೆ. ಆದರೆ ಅವರ ಎಡಗೈ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಹಿಡಿದಿದ್ದು ನನ್ನ ಓರೆಗಣ್ಣಿಗೇ ಕಂಡಿತ್ತು.

ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಆದರೆ ಮುಂದೆ ಆಗುವುದೇ ಇಲ್ಲ ಎನ್ನುವಂತಿಲ್ಲ, ಕವಳ ಬಿಡಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು ಡಾಕ್ಟರು. ಅವತ್ತೇ ಬಿಟ್ಟೆ. ತಪ್ಪದೆ ತೋರಿಸುತ್ತಿದ್ದೇನೆ.

ಕೈಯ ವಿಚಾರ ಸುಮಿತ್ರಾಳಿಗೆ ಹೇಳಿದೆ. "ಹೆದರಿಕೆಗೆ ಹಂಗೆಲ್ಲ ಅನ್ಸುತ್ತೆ ಬಿಡಿ" ಎಂದಳು. ಇರಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಏಳು ದಿನ ಕಳೆದಾಗ ನಿರಾಳವಾಗಿ ಉಸಿರು ಬಿಟ್ಟೆ. ಏಳು ತಿಂಗಳು ಕಳೆದಾಗ ಇನ್ನೊಮ್ಮೆ ಬಿಟ್ಟೆ. ಈಗ ಐದನೇ ವರ್ಷ ನಡೆಯುತ್ತಿದೆ. ಯಾವುದರ ಏಳು ಎಂದು ಈ ಹೊತ್ತಿಗೂ ನನಗೆ ತಿಳಿದಿಲ್ಲ. ಆ ಸಂಖ್ಯೆಯೊಂದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಇದನ್ನು ಓದಿದರೆ ಅವಳಿಗೂ ಗೊತ್ತಾಗುತ್ತದೆ. ಗೊತ್ತಾಗಲಿ. ಒಬ್ಬನೇ ಎಣಿಸಿ ನನಗೆ ಸಾಕಾಗಿದೆ.