ಹೆರಿಗೆ ಕೋಣೆಯ ನಡುಗುವ ದೀಪ

ಜಪಾನಿನ ಹಿತಾ ಎಂಬ ಊರಿನ ನದಿಬೀದಿಯಲ್ಲಿ ಕಿನುಯೊಳದು ಒಂದು ಪುಟ್ಟ ವಿದ್ಯುತ್ ಸಾಮಾನಿನ ಅಂಗಡಿ. ಅಪ್ಪ ತೀರಿಕೊಂಡಾಗ ಅವಳು ಅದನ್ನು ಮುಚ್ಚಿಬಿಡುತ್ತಾಳೆಂದೇ ಎಲ್ಲರೂ ಅಂದುಕೊಂಡಿದ್ದರು. ಅವಳು ಪರೀಕ್ಷೆ ಕಟ್ಟಿದಳು, ಒಮ್ಮೆ ಫೇಲಾದಳು, ಮತ್ತೆ ಕಟ್ಟಿ ವೈರಿಂಗಿನ ಪರವಾನಗಿ ಪಡೆದು ಅಪ್ಪನ ಏಣಿಯನ್ನೇ ಹೆಗಲಿಗೇರಿಸಿದಳು. ಈಗ ಅವಳಿಗೆ ಐವತ್ತು ದಾಟಿದೆ. ಹೆದ್ದಾರಿಯ ದೊಡ್ಡ ಮಳಿಗೆಯಲ್ಲಿ ಬಲ್ಬು ಅಗ್ಗ ಎಂಬುದು ಬೀದಿಗೆಲ್ಲ ಗೊತ್ತು. ಆದರೆ ಆ ಮಳಿಗೆಯವರು ಮನೆಗೆ ಬಂದು, ಸ್ಟೂಲು ಹತ್ತಿ ಬಲ್ಬು ಹಾಕಿಕೊಟ್ಟು, ಆಮೇಲೆ ಚಹಾ ಕುಡಿಯುತ್ತ ಮೊಣಕಾಲು ನೋವಿನ ಕಥೆ ಕೇಳುವುದಿಲ್ಲ. ಕಿನುಯೊ ಕೇಳುತ್ತಾಳೆ. ಅದೇ ಕಥೆಯನ್ನು ಮುಂದಿನ ತಿಂಗಳೂ ಹೊಸದಾಗಿ ಕೇಳಿದಂತೆ ಕೇಳುತ್ತಾಳೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬೀದಿ ತಿರುವಿನ ಜಿಜೋ ಮೂರ್ತಿಯ ಕೊರಳ ಕೆಂಪು ಬಟ್ಟೆ ಸರಿಪಡಿಸಿ ಕೈ ಮುಗಿಯುವುದು ಅವಳ ರೂಢಿ. ಮಕ್ಕಳನ್ನು ಕಾಯುವ ದೇವರಲ್ಲವೇ. ಅವಳಿಗೆ ಸ್ವಂತ ಮಕ್ಕಳಿಲ್ಲ, ಹಾಗಾಗಿ ಬೀದಿಯ ಮಕ್ಕಳ ಪರವಾಗಿ ಬೇಡಿಕೊಳ್ಳುತ್ತಾಳೆ.

ಇಷ್ಟು ಸೂಕ್ಷ್ಮ ಮನಸ್ಸಿನವಳಾದ್ದರಿಂದಲೇ ಅವಳ ಕೈಯಲ್ಲಿ ಒಂದು ತಪ್ಪಾಯಿತು.

ವರ್ಷದ ಕೊನೆಗೆ ಉಡುಗೊರೆ ಕಳಿಸುವ ದಿನಗಳವು. ತೋಫು ಅಂಗಡಿಯ ಹಾತ್ಸುಯೆ ಅಜ್ಜಿ ಬಂದು, ಸೂಲಗಿತ್ತಿ ತೊಮಿಯೆ ಅವರಿಗೆ ಏನಾದರೂ ಒಳ್ಳೆಯದು ಕೊಡು ಎಂದರು. ಸೊಸೆ ಚಿನಾತ್ಸುವಿನ ಎರಡನೇ ಹೆರಿಗೆ ತೊಮಿಯೆಯವರ ಹೆರಿಗೆಮನೆಯಲ್ಲೇ ಆಗಬೇಕಿತ್ತು. ಹ್ಯಾಮು, ಅಡುಗೆ ಎಣ್ಣೆ ಎಲ್ಲರೂ ಕೊಡುತ್ತಾರೆ, ನಾನು ಬೆಳಕನ್ನೇ ಕೊಡುತ್ತೇನೆ ಎಂಬುದು ಅಜ್ಜಿಯ ಹೆಚ್ಚುಗಾರಿಕೆ. ಕಿನುಯೊ ನಾಲ್ಕು ಎಲ್‌ಇಡಿ ಬಲ್ಬುಗಳನ್ನು ಪೆಟ್ಟಿಗೆಯಲ್ಲಿಟ್ಟು, ಬಿಳಿ ಕಾಗದ ಸುತ್ತಿ, ಕೆಂಪು ಬಿಳಿ ದಾರ ಕಟ್ಟಿಕೊಟ್ಟಳು. ಯಾವ ಕೋಣೆಗೆ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಉಡುಗೊರೆ ಎಲ್ಲಿ ಸೇರುತ್ತದೆಂದು ಕೇಳುವುದು ಇನ್ನೊಬ್ಬರ ಮನೆಯೊಳಗೆ ಇಣುಕಿದಂತೆ. ಅವಳು ಕೇಳಲಿಲ್ಲ.

ತೊಮಿಯೆಯವರಿಗೋ, ಬಂದ ಉಡುಗೊರೆಯನ್ನು ಶೌಚಾಲಯಕ್ಕೋ ಉಗ್ರಾಣಕ್ಕೋ ಹಾಕಲು ಮನಸ್ಸು ಬರಲಿಲ್ಲ. ಮನೆಯ ಮುಖ್ಯ ಕೋಣೆಗೇ, ಹೆರಿಗೆ ಕೋಣೆಯ ಛಾವಣಿಗೇ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯ ಗೋಡೆಯ ಮೇಲೆ ಬೆಳಕು ಇಳಿಸುವ ಹಳೆಯ ಡಿಮ್ಮರ್ ಇದೆ. ನೋವು ಹೆಚ್ಚಿದಂತೆ ತೊಮಿಯೆ ಅದರ ಗುಂಡಿ ತಿರುಗಿಸಿ ಬೆಳಕನ್ನು ಸಂಜೆಯಷ್ಟು ತಗ್ಗಿಸುತ್ತಾರೆ. ಈಗ ಗುಂಡಿ ತಿರುಗಿಸಿದರೆ ನಾಲ್ಕೂ ಬಲ್ಬುಗಳು ಗಾಳಿಗೆ ಸಿಕ್ಕ ದೀಪದಂತೆ ನಡುಗತೊಡಗಿದವು. ಹೇಳಿದರೆ ಕೊಟ್ಟವರಿಗೂ ಮಾರಿದವಳಿಗೂ ಮುಜುಗರ ಎಂದು ಅವರು ತುಟಿ ಬಿಚ್ಚಲಿಲ್ಲ. ಜನವರಿಯಲ್ಲಿ ಬಂದ ಬೇರೊಬ್ಬಳ ಹೆರಿಗೆಯನ್ನು ಪಕ್ಕದ ಕೋಣೆಯ ಬಾಗಿಲ ಸಂದಿಯಿಂದ ಬೀಳುವ ಬೆಳಕಿನಲ್ಲೇ ಮುಗಿಸಿದರಂತೆ.

ಫೆಬ್ರವರಿಯ ಒಂದು ಮಧ್ಯಾಹ್ನ ಕಿನುಯೊಳ ಫೋನ್ ಬಡಿದುಕೊಂಡಿತು. ಬಿಡುವಿದ್ದರೆ ಈ ಕಡೆ ಬಂದು ಹೋಗುತ್ತೀರಾ ಎಂದು ತೊಮಿಯೆ ಕೇಳಿದರು. ಹಿನ್ನೆಲೆಯಲ್ಲಿ ಯಾರೋ ನರಳುವುದು ಕೇಳಿಸಿತು. ಕಿನುಯೊ ಏಣಿಯನ್ನೂ ಬಗೆಬಗೆಯ ಬಲ್ಬುಗಳಿರುವ ಕೆಲಸದ ಚೀಲವನ್ನೂ ಹೊತ್ತು ಓಡಿದಳು.

ಚಿನಾತ್ಸು ದಿಂಬುಗಳ ರಾಶಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳಿಗೆ ತಲೆಶೂಲೆಯ ಕಾಟ. ಮೊದಲ ಹೆರಿಗೆಯಲ್ಲಿ ನಗರದ ಆಸ್ಪತ್ರೆಯ ಬಿಳಿ ಬೆಳಕಿನ ಕೆಳಗೆ ವಾಂತಿ ಮಾಡಿ ಮಾಡಿ ಸೋತು, ಮಗುವಿನ ಮುಖವನ್ನು ಮಾರನೆಯ ದಿನ ನೋಡಿದ್ದಳು. ಈ ಸಲ ಅದಕ್ಕೇ ಈ ಮಂದ ಬೆಳಕಿನ ಕೋಣೆಯನ್ನು ಬಯಸಿ ಬಂದಿದ್ದಳು. ಮಗುವಿನ ತಲೆ ತುಸು ಓರೆಯಾಗಿರುವುದರಿಂದ ಬಾಗಿಲ ಸಂದಿಯ ಬೆಳಕು ಇವತ್ತು ಸಾಲದು, ತಲೆಶೂಲೆ ಏರಿ ವಾಂತಿ ಶುರುವಾದರೆ ಆಸ್ಪತ್ರೆಗೆ ಕಳಿಸದೆ ಬೇರೆ ದಾರಿಯಿಲ್ಲ ಎಂದು ತೊಮಿಯೆ ಪಿಸುಗುಟ್ಟಿದರು.

ಕಿನುಯೊ ತಲೆ ಎತ್ತಿದಳು. ತಾನೇ ಕಟ್ಟಿಕೊಟ್ಟ ಬಲ್ಬುಗಳು. ಡಿಮ್ಮರಿಗೆ ಹೊಂದದ ಜಾತಿ. ಕೆಳಗೆ, ಸೊಸೆಯ ಬೆನ್ನು ನೀವುತ್ತ, ಹಾತ್ಸುಯೆ ಅಜ್ಜಿ ಕುಳಿತಿದ್ದರು.

ಬಲ್ಬುಗಳೇನೋ ಬಹಳ ಚೆನ್ನಾಗಿವೆ ಎಂದು ಕಿನುಯೊ ಶುರುಮಾಡಿದಳು. ಹೌದು, ಬಹಳ ಚೆನ್ನಾಗಿವೆ ಎಂದು ತೊಮಿಯೆ ದನಿಗೂಡಿಸಿದರು. ಗೋಡೆಯ ಗುಂಡಿಗೆ ವಯಸ್ಸಾಗಿರಬಹುದು ಎಂದಳು ಇವಳು. ಚಳಿಗೂ ಹಾಗೆ ಆಗುತ್ತದೇನೋ ಎಂದರು ಅವರು. ಹೀಗೆ ಇಬ್ಬರೂ ಅಜ್ಜಿಯ ಮನಸ್ಸು ನೋಯದಂತೆ ಮಾತನ್ನು ಸುತ್ತಿಸುತ್ತಿರುವಾಗ ಚಿನಾತ್ಸುವಿಗೆ ಇನ್ನೊಂದು ನೋವು ಬಂತು.

"ಅತ್ತೆ," ಅಂದಳು ಅವಳು ಹಲ್ಲು ಕಚ್ಚಿ, "ನಿಮ್ಮ ಬಲ್ಬು ನನ್ನ ಪ್ರಾಣ ತೆಗೀತಿದೆ."

ಮದುವೆಯಾಗಿ ಬಂದಾಗಿನಿಂದ ಅತ್ತೆಯ ಉಪ್ಪಿನಕಾಯಿ ಉಪ್ಪಾಯಿತೆಂದೂ ಹೇಳದ ಸೊಸೆ ಅದು. ಅಜ್ಜಿ ಛಾವಣಿ ನೋಡಿದರು, ಸೊಸೆಯನ್ನು ನೋಡಿದರು.

"ನಡುಗ್ತಿದೆ ಅಲ್ವಾ? ನಾನು ಆಗ್ಲಿಂದ ನನ್ನ ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ. ಯಾಕ್ರಮ್ಮ, ಇಬ್ರಿಗೂ ಬಾಯಿಲ್ವಾ?"

ಕಿನುಯೊ ಮಂಡಿಯೂರಿ ತಲೆಬಾಗಿ, ಕೊಡುವಾಗ ಯಾವ ಕೋಣೆಗೆಂದು ಕೇಳದ್ದು ತನ್ನದೇ ತಪ್ಪು ಎಂದಳು. ತಲೆ ಆಮೇಲೆ ಬಾಗಿಸು, ಮೊದಲು ಏಣಿ ಹತ್ತು ಎಂದು ಅಜ್ಜಿ ಗದರಿದರು.

ಅವಳ ಚೀಲದಲ್ಲಿ ಡಿಮ್ಮರಿಗೆ ಹೊಂದುವ ನಾಲ್ಕು ಎಲ್‌ಇಡಿ ಬಲ್ಬುಗಳೂ ಇದ್ದವು. ಹಾಕಿ, ಕೆಳಗಿಳಿದು, ಗುಂಡಿ ತಿರುಗಿಸಿದಳು. ಅರ್ಧದವರೆಗೆ ಬೆಳಕು ನಯವಾಗಿ ಇಳಿಯಿತು. ಇನ್ನೂ ಇಳಿಸಿದರೆ ಮತ್ತೆ ಅದೇ ನಡುಕ. ಚಿನಾತ್ಸು ಬಾಯಿಗೆ ಟವೆಲು ಒತ್ತಿಕೊಂಡಳು. ಆಸ್ಪತ್ರೆಗೆ ಫೋನ್ ಮಾಡಲೇ ಎಂದು ತೊಮಿಯೆ ಕಣ್ಣಲ್ಲೇ ಕೇಳಿದರು.

ಒಂದು ಕ್ಷಣ ತಾಳಿ ಎಂದು ಕಿನುಯೊ ಕೈ ತೋರಿಸಿದಳು. ಮನಸ್ಸಿನಲ್ಲೇ ಜಿಜೋವನ್ನು ನೆನೆದು ಚೀಲದ ತಳಕ್ಕೆ ಕೈ ಹಾಕಿದಳು. ಅಪ್ಪನ ಕಾಲದ, ಒಳಗೆ ತಂತಿ ಕೆಂಪಗೆ ಕಾಯುವ ಬಲ್ಬೊಂದು ಹಳೆಯ ಕಾಲುಚೀಲದೊಳಗೆ ಬೆಚ್ಚಗಿತ್ತು. ಒಂದು ಹೊಸ ಬಲ್ಬು ತೆಗೆದು ಆ ಜಾಗಕ್ಕೆ ಅದನ್ನು ತಿರುವಿದಳು. ಮತ್ತೆ ಗುಂಡಿ. ಬೆಳಕು ಇಳಿಯಿತು, ಇಳಿಯುತ್ತಲೇ ಹೋಯಿತು, ಜೇನಿನ ಬಣ್ಣಕ್ಕೆ ಬಂದು ನಿಂತಿತು. ಕದಲಲಿಲ್ಲ.

ಚಿನಾತ್ಸು ಕಣ್ಣು ತೆರೆದಳು.

ಏನು ಮಾಟ ಮಾಡಿದೆ ಎಂದು ಅಜ್ಜಿ ಕೇಳಿದರು.

"ಈ ಡಿಮ್ಮರ್ ಭಾರ ಎಳೆಯೋಕೆ ಅಂತ ಮಾಡಿದ್ದು ಅಜ್ಜಿ. ಹೊಸ ಬಲ್ಬು ತಿನ್ನೋದು ಒಂದೊಂದು ಚಿಟಿಕೆ ಕರೆಂಟು. ಇಷ್ಟು ಹಗುರ ಆದ್ರೆ ಇದಕ್ಕೆ ಹಿಡಿತಾನೇ ಸಿಗಲ್ಲ, ತಡವರಿಸುತ್ತೆ. ಜೊತೆಗೆ ಹೊಟ್ಟೆಬಾಕ ಹಳೇದೊಂದು ಇದ್ರೆ ಸರಿಹೋಗುತ್ತೆ."

"ನೋಡಿದ್ಯಾ ಚಿನಾತ್ಸು," ಅಂದರು ಅಜ್ಜಿ. "ಹೊಟ್ಟೆಬಾಕ ಹಳೇದೊಂದು ಇರ್ಬೇಕಂತೆ. ನಾನಿಲ್ಲೇ ಕೂತಿರ್ತೀನಿ."

ಚಿನಾತ್ಸು ನಗಲು ಹೋದಳು, ನಗು ಅರ್ಧಕ್ಕೆ ನೋವಾಯಿತು, ತೊಮಿಯೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಹತ್ತಿರ ಸರಿದರು. ಕಿನುಯೊ ಏಣಿ ಎತ್ತಿಕೊಂಡು ಹೊರಗೆ ಬಂದಳು.

ಅಜ್ಜಿಯ ಬಲ್ಬುಗಳನ್ನು ಅವಳು ಅಡುಗೆಮನೆಗೂ ಬಾಗಿಲ ಬಳಿಗೂ ಹಾಕಿದಳು. ಅಲ್ಲಿ ಅವು ಕಣ್ಣು ಕೋರೈಸುವಂತೆ ಉರಿದವು. ಕೆಲಸ ಮುಗಿದರೂ ಅವಳಿಗೆ ಹೊರಡಲು ಮನಸ್ಸಾಗಲಿಲ್ಲ. ಹಜಾರದಲ್ಲೇ ಮಂಡಿಯೂರಿ ಕುಳಿತಳು. ಚಹಾ ಆರಿತು. ಕಿಟಕಿಯಾಚೆ ಬಿಸಿಲು ಇನ್ನೂ ಇರುವಾಗಲೇ ಒಳಗಿನಿಂದ ಸಣ್ಣ ಅಳು ಕೇಳಿಸಿತು. ಅದರ ಬೆನ್ನಿಗೇ ಅಜ್ಜಿಯ ದನಿ, ಮೂಗು ಯಾರದೆಂದು ನೋಡಬೇಕು, ದೀಪ ಸ್ವಲ್ಪ ಜೋರು ಮಾಡಿ ಎಂದು.

"ಬೇಡ ಅತ್ತೆ," ಎಂದಳು ಚಿನಾತ್ಸು. ದಣಿದಿದ್ದರೂ ಸ್ಪಷ್ಟವಾದ ದನಿ. "ಕಣ್ಣು ಬಿಟ್ಟಿದೆ. ನನ್ನನ್ನೇ ನೋಡ್ತಿದೆ."

ಕಿನುಯೊ ಮುಚ್ಚಿದ ಬಾಗಿಲಿಗೆ ಕೈ ಮುಗಿದು, ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡಳು.